ಜೇಬಿಲ್ಲದ ಅಂಗಿ, ತುಂಬಿದ ಕಪಾಟು

2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಸಿದ್ಧೇಶ್ವರ ಸ್ವಾಮೀಜಿಯವರು ದೇಹ ಬಿಟ್ಟರು. ಮರುದಿನ ಸೈನಿಕ ಶಾಲೆಯ ಆವರಣದಲ್ಲಿ ಅವರ ಅಂತಿಮ ದರ್ಶನಕ್ಕೆ ಜಾತಿ ಮತಗಳ ಭೇದವಿಲ್ಲದೆ ಲಕ್ಷಾಂತರ ಜನ ಸೇರಿದರು. ತಿಕೋಟಾ ಭಾಗದ ಬಿಜ್ಜರಗಿಯ ಒಕ್ಕಲು ಮನೆತನದಲ್ಲಿ ಹುಟ್ಟಿದ ಆ ಸಂತರನ್ನು ನೆನೆಯುವಾಗ ಜನರ ಬಾಯಲ್ಲಿ ಇಂದಿಗೂ ಮೊದಲು ಬರುವುದು ಅವರ ಅಂಗಿಯ ಮಾತು. ಆ ಬಿಳಿಯ ಅಂಗಿಗೆ ಜೇಬಿರಲಿಲ್ಲ. ಇಡಬೇಕಾದುದು ಏನೂ ಇಲ್ಲದವನಿಗೆ ಜೇಬು ಏತಕ್ಕೆ ಎಂಬ ಸರಳ ವಿಚಾರ ಅದರ ಹಿಂದಿತ್ತು. 2018ರಲ್ಲಿ ಬಂದ ಪದ್ಮಶ್ರೀ ಪ್ರಶಸ್ತಿಯನ್ನು ಅವರು ವಿನಯದಿಂದ ಬೇಡವೆಂದರು. ತಮ್ಮ ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು 2014ರಷ್ಟು ಹಿಂದೆಯೇ ಬರೆದಿಟ್ಟಿದ್ದರು. ಅಂಗಿಗೂ ಬದುಕಿಗೂ ನಡುವೆ ಅಂತರವಿರಲಿಲ್ಲ.

ಆ ಅಂಗಿಯನ್ನು ಹೊಗಳದವರು ಜಿಲ್ಲೆಯಲ್ಲಿ ವಿರಳ. ಆದರೆ ಹೊಗಳಿಕೆಯ ಫಲವೇನು ಎಂದು ಕೇಳಿದರೆ ಉತ್ತರ ಸಮಾಧಾನಕರವಲ್ಲ. ಸ್ವಾಮೀಜಿಯವರ ಭಾವಚಿತ್ರ ಗೋಡೆಯ ಮೇಲಿದೆ. ಅದರ ಕೆಳಗೆ ಬಟ್ಟೆಯ ಕಪಾಟಿನ ಬಾಗಿಲು ಮುಚ್ಚಲಾರದಷ್ಟು ತುಂಬಿದೆ. ಹಬ್ಬದ ದಿನಗಳಲ್ಲಿ ಗಾಂಧಿ ಚೌಕದ ಸುತ್ತಲಿನ ಪೇಟೆಯಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. 1921ರ ಸೆಪ್ಟೆಂಬರ್‌ನಲ್ಲಿ ಮಧುರೆಯಲ್ಲಿ ತುಂಡು ಪಂಚೆಯುಟ್ಟು, ಉಳಿದ ಆಯುಷ್ಯವನ್ನೆಲ್ಲ ಅದರಲ್ಲಿಯೇ ಕಳೆದ ಮಹಾತ್ಮನ ಹೆಸರು ಆ ಚೌಕಕ್ಕೆ ಇದೆ ಎಂಬುದು ಅಲ್ಲಿ ಜವಳಿ ಕಟ್ಟಿಸಿಕೊಳ್ಳುವವರ ನೆನಪಿಗೆ ಬರುವುದಿಲ್ಲ. ಬೆರಗುಪಡುವುದು ಸುಲಭ, ಬೆರಗುಪಟ್ಟಮೇಲೆ ಅನುಸರಿಸುವ ಹೊಣೆ ಕಳೆಯಿತೆಂದು ತಿಳಿಯುವುದು ಇನ್ನೂ ಸುಲಭ. ತ್ಯಾಗವನ್ನು ಅಪರೂಪದ ಪವಾಡವೆಂಬಂತೆ ಕಾಣುವ ಈ ರೂಢಿಯನ್ನೇ ಮೊದಲು ವಿಮರ್ಶಿಸಬೇಕಾಗಿದೆ.

ಜೈನ ಸಮಾಜಕ್ಕಂತೂ ಆ ಅಂಗಿ ಹೊಸ ಪಾಠವಾಗಬೇಕಾಗಿರಲಿಲ್ಲ. ದಿಗಂಬರ ಪರಂಪರೆಯಲ್ಲಿ ವ್ರತದ ಮೆಟ್ಟಿಲು ಏರಿದಂತೆಲ್ಲ ಬಟ್ಟೆ ಕಡಿಮೆಯಾಗುತ್ತ ಹೋಗುತ್ತದೆ. ಹನ್ನೊಂದನೆಯ ಪ್ರತಿಮೆಯನ್ನು ತಲುಪಿದ ಕ್ಷುಲ್ಲಕರಿಗೆ ಒಂದು ಲಂಗೋಟಿ, ಒಂದು ಖಂಡವಸ್ತ್ರ. ತಲೆಗೆ ಹೊದ್ದರೆ ಕಾಲಿಗೆ, ಕಾಲಿಗೆ ಎಳೆದರೆ ತಲೆಗೆ ಸಾಲದಷ್ಟೇ ಆ ವಸ್ತ್ರದ ಅಳತೆ. ಐಲ್ಲಕರಿಗೆ ಲಂಗೋಟಿ ಮಾತ್ರ. ಮುನಿಗಳಿಗೆ ಅದೂ ಇಲ್ಲ. ಆರ್ಯಿಕೆಯರು ಉಡುವುದು ಒಂದು ಬಿಳಿಯ ಸೀರೆ. ಒಗೆದು ಒಣಗಿಸುವ ಸಲುವಾಗಿ ಇನ್ನೊಂದು. ಶ್ವೇತಾಂಬರ ಸಾಧು ಸಾಧ್ವಿಯರ ಬಿಳಿಯ ಬಟ್ಟೆಗೂ ಮಿತಿಯಿದೆ. ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಬಸದಿಯಲ್ಲಿ ಸ್ವಾಮಿಯ ನೆತ್ತಿಯ ಮೇಲೆ ಹೆಡೆಗಳ ಸಾವಿರವಿದೆ, ಮೈಮೇಲೆ ನೂಲಿನ ಒಂದೆಳೆಯೂ ಇಲ್ಲ. ಆ ಮೂರ್ತಿಯ ಮುಂದೆ ಕೈಮುಗಿದು ನಿಂತವರಲ್ಲಿ ಎಷ್ಟೋ ಮಂದಿ, ಕಳೆದ ವರ್ಷದ ಪೂಜೆಗೆ ಉಟ್ಟದ್ದನ್ನು ಈ ವರ್ಷ ಉಡಬಾರದೆಂಬ ಕಾರಣಕ್ಕೆ ಹೊಸ ಬಟ್ಟೆ ಕೊಂಡು ಬಂದಿರುತ್ತಾರೆ.

ಗೃಹಸ್ಥನು ಮುನಿಯಂತೆ ಇರಬೇಕೆಂದು ಧರ್ಮವು ಎಂದೂ ಕೇಳಿಲ್ಲ. ಅವನಿಂದ ಕೇಳಿದ್ದು ಪರಿಮಾಣವನ್ನು, ಅಂದರೆ ಇಷ್ಟು ಸಾಕು ಎಂದು ತಾನೇ ಎಳೆದುಕೊಂಡ ಒಂದು ಗೆರೆಯನ್ನು. ಪರಿಗ್ರಹ ಪರಿಮಾಣವೆಂದರೆ ಹೊಲ, ಮನೆ, ಬಂಗಾರ, ಬೆಳ್ಳಿಗಳ ಲೆಕ್ಕವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಅತಿಚಾರಗಳನ್ನು ಹೇಳುವಾಗ, ಕ್ಷೇತ್ರ ವಾಸ್ತು, ಹಿರಣ್ಯ ಸುವರ್ಣ, ಧನ ಧಾನ್ಯ, ದಾಸಿ ದಾಸರ ಜೊತೆಗೆ ಕೊನೆಯಲ್ಲಿ ‘ಕುಪ್ಯ’ ಎಂಬ ಒಂದು ಪದ ಬರುತ್ತದೆ. ಅದಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ವಿವರಣೆಯಲ್ಲಿ ನಾರುಬಟ್ಟೆ, ಹತ್ತಿಬಟ್ಟೆ, ರೇಷ್ಮೆಬಟ್ಟೆಗಳೇ ಮೊದಲು ಬರುತ್ತವೆ. ಮನೆಯ ಬಂಗಾರವನ್ನು ತೂಗಿ ವ್ರತ ತೆಗೆದುಕೊಂಡವರು ಬಟ್ಟೆಯನ್ನು ಎಣಿಸದೆ ಬಿಟ್ಟಿದ್ದರೆ, ಆ ವ್ರತವು ಅಪೂರ್ಣವೆಂದೇ ಹೇಳಬೇಕಾಗುತ್ತದೆ.

ಆಚಾರ್ಯ ಸಮಂತಭದ್ರರ ರತ್ನಕರಂಡ ಶ್ರಾವಕಾಚಾರವು ಈ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿದೆ. ಒಮ್ಮೆ ಅನುಭವಿಸಿ ಬಿಡುವಂಥದು ಭೋಗ. ಮತ್ತೆ ಮತ್ತೆ ಅನುಭವಿಸುವಂಥದು ಉಪಭೋಗ. ಅನ್ನವು ಭೋಗಕ್ಕೆ ಉದಾಹರಣೆ, ವಸ್ತ್ರವು ಉಪಭೋಗಕ್ಕೆ. ಶಾಲೆಯ ಮಕ್ಕಳೂ ಕಲಿಯುವ ಈ ವಿಂಗಡಣೆಯ ತೂಕ ಇಂದು ಅರಿವಾಗಬೇಕಾಗಿದೆ. ಒಂದು ಮದುವೆಗೆ ಕೊಂಡು, ಆ ಮದುವೆಯಲ್ಲಿ ಮಾತ್ರ ಉಟ್ಟು, ಆಮೇಲೆ ಮಡಚಿಟ್ಟ ಸೀರೆ ಯಾವ ಗುಂಪಿಗೆ ಸೇರಿತು? ಒಮ್ಮೆ ಅನುಭವಿಸಿ ಬಿಟ್ಟದ್ದರಿಂದ ಅದು ಭೋಗವೇ ಆಯಿತು. ವಸ್ತ್ರವನ್ನು ಅನ್ನದಂತೆ ಉಂಡು ಮುಗಿಸಿದಂತಾಯಿತು. ಅನ್ನವಾದರೋ ಹಸಿವನ್ನು ನೀಗಿತು. ಈ ಸೀರೆ ಯಾವ ಹಸಿವನ್ನೂ ನೀಗಲಿಲ್ಲ. ಬಟ್ಟೆಯ ವಿಷಯದಲ್ಲಿ ಇಂದಿನ ಮುಖ್ಯ ದೋಷ ಇದೇ: ಉಪಭೋಗದ ವಸ್ತುವನ್ನು ಭೋಗದ ವಸ್ತುವನ್ನಾಗಿ ಮಾಡಿಕೊಂಡಿರುವುದು.

ಈ ದೋಷ ಬೆಳೆದ ದಾರಿಯನ್ನು ನೋಡಬೇಕು. ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆಯ ಮನೆಗಳಲ್ಲಿ ಬಟ್ಟೆಯೆಲ್ಲವೂ ಆಸೆಯಿಂದ ಬಂದುದಲ್ಲ. ಬಹುಪಾಲು ರೂಢಿಯಿಂದ ಬಂದುದು. ಮದುವೆಯ ಜವಳಿ, ಬೀಗರ ಆಯೇರ, ಸೀಮಂತ, ತೊಟ್ಟಿಲು, ಗೃಹಪ್ರವೇಶ, ಹೀಗೆ ಪ್ರತಿಯೊಂದಕ್ಕೂ ಬಟ್ಟೆ. ಉಡಿ ತುಂಬುವಾಗ ಕೊಟ್ಟ ಖಣ ಕುಪ್ಪಸವಾಗುವುದು ಅಪರೂಪ. ಅದು ಹೊಲಿಗೆ ಕಾಣದೆ ಈ ಮನೆಯಿಂದ ಆ ಮನೆಗೆ, ಅಲ್ಲಿಂದ ಮತ್ತೊಂದಕ್ಕೆ ತಿರುಗಿ, ಕೆಲವೊಮ್ಮೆ ಕೊಟ್ಟವರ ಉಡಿಗೇ ಬಂದು ಬೀಳುತ್ತದೆ. ಗಂಡಸರಿಗೆ ಕೊಡುವ ಟಾವೆಲು ಟೋಪಿಗಳ ಕಥೆಯೂ ಇದೇ. ಕೊಟ್ಟವರಿಗೆ ಇದು ಬೇಕಾಗದು ಎಂದು ಗೊತ್ತು, ಪಡೆದವರಿಗೆ ಇದನ್ನು ಬಳಸಲಾರೆವು ಎಂದು ಗೊತ್ತು. ಆದರೂ ಕೊಡದಿದ್ದರೆ ಮಾತು ಬರುತ್ತದೆ.

ಮಾತು ಬರುತ್ತದೆ ಎಂಬುದೇ ಈ ಪರಿಗ್ರಹದ ಬೇರು. ‘ಹೋದ ಮದುವ್ಯಾಗೂ ಇದನ್ನ ಉಟ್ಟಿದ್ದಳಲ್ಲ’ ಎಂಬ ಪಿಸುಮಾತು ಪಂಕ್ತಿಯ ಆಚೆ ಕೇಳಿಸಿದರೆ ಸಾಕು, ಮುಂದಿನ ಮದುವೆಗೆ ಸಾಲವಾದರೂ ಮಾಡಿ ಹೊಸ ಸೀರೆ ಬರುತ್ತದೆ. ಈಗ ಪ್ರತಿ ಸಮಾರಂಭದ ಚಿತ್ರಗಳು ಅದೇ ದಿನ ಮೊಬೈಲಿನಲ್ಲಿ ನೂರಾರು ಮನೆ ಸೇರುವುದರಿಂದ ಈ ಭಯ ಹೆಚ್ಚಿದೆ. ಇದಕ್ಕೆ ಹೆಂಗಸರ ಬಟ್ಟೆಯ ಹುಚ್ಚನ್ನು ದೂರಿ ಕೈತೊಳೆದುಕೊಳ್ಳುವ ಗಂಡಸರು, ತಮ್ಮ ಮನೆಯವರು ಹಳೆಯ ಸೀರೆಯಲ್ಲಿ ಬಂದರೆ ತಮ್ಮ ಪತ್ತಿಗೆ ಕುಂದೆಂದು ಒಳಗೊಳಗೆ ನಂಬಿರುತ್ತಾರೆ. ಸಮಂತಭದ್ರರು ಪರಿಗ್ರಹ ಪರಿಮಾಣದ ಐದು ಅತಿಚಾರಗಳಲ್ಲಿ ಅತಿಸಂಗ್ರಹದ ಜೊತೆಗೆ ಅತಿವಿಸ್ಮಯವನ್ನೂ ಎಣಿಸಿದ್ದಾರೆ. ಇತರರ ವೈಭವವನ್ನು ಕಂಡು ಮಿತಿಮೀರಿ ಬೆರಗಾಗುವುದು ಅದರ ಅರ್ಥ. ಸಂಗ್ರಹಿಸಿದವನೊಬ್ಬನೇ ತಪ್ಪಿತಸ್ಥನಲ್ಲ, ಅವನ ಸಂಗ್ರಹಕ್ಕೆ ಬೆರಗಾದವನೂ ಅದನ್ನು ಬೆಳೆಸಿದವನೇ. ಪಿಸುಮಾತನ್ನು ನಿಲ್ಲಿಸಿದರೆ ಅರ್ಧ ಖರೀದಿ ತಾನಾಗಿಯೇ ನಿಲ್ಲುತ್ತದೆ.

ಸಾರ್ವಜನಿಕ ಧರ್ಮಕಾರ್ಯಗಳೂ ಈ ವಿಮರ್ಶೆಯಿಂದ ಹೊರತಲ್ಲ. ಪಂಚಕಲ್ಯಾಣ, ವಿಧಾನ, ಮೆರವಣಿಗೆಗಳಲ್ಲಿ ಮಹಿಳಾ ಮಂಡಳಗಳಿಗೆ ಒಂದೇ ಬಣ್ಣದ ಸೀರೆ ಎಂಬ ಪದ್ಧತಿ ಹಲವೆಡೆ ಬೆಳೆದಿದೆ. ನೋಟಕ್ಕೆ ಅಂದ, ನಿಜ. ಆದರೆ ಪ್ರತಿ ಉತ್ಸವಕ್ಕೂ ಬಣ್ಣ ಬದಲಾಗುತ್ತದೆ. ಒಂದು ಉತ್ಸವದ ಸೀರೆ ಇನ್ನೊಂದಕ್ಕೆ ಬಾರದು. ಕೊಳ್ಳಲಾಗದ ಬಡ ಶ್ರಾವಿಕೆ ಸಾಲಿನಿಂದ ಹೊರಗೆ ನಿಲ್ಲುತ್ತಾಳೆ. ಅಪರಿಗ್ರಹವನ್ನು ಬೋಧಿಸಿದ ತೀರ್ಥಂಕರರ ಮೆರವಣಿಗೆಯಲ್ಲಿ ಹೀಗಾಗುವುದು ಸರಿಯೇ ಎಂದು ಟ್ರಸ್ಟಿನ ಪದಾಧಿಕಾರಿಗಳು ಯೋಚಿಸಬೇಕು. ವೇದಿಕೆಯ ಸನ್ಮಾನದ ಶಾಲುಗಳದೂ ಇದೇ ಸ್ಥಿತಿ. ಐದು ನಿಮಿಷ ಹೆಗಲ ಮೇಲಿದ್ದು, ಆಮೇಲೆ ಬಿಸಿಲೂರಿನ ಕಪಾಟಿನಲ್ಲಿ ವರ್ಷಗಟ್ಟಲೆ ಮಲಗುವ ಬಟ್ಟೆ ಅದು. 2021ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರವು ತನ್ನ ಸಭೆ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲುಗಳನ್ನು ಕೊಡಬಾರದು, ಬದಲಿಗೆ ಕನ್ನಡ ಪುಸ್ತಕ ಕೊಡಬಹುದು ಎಂದು ಸೂಚಿಸಿತು. ಸರ್ಕಾರಕ್ಕೆ ಹೊಳೆದದ್ದು ಧರ್ಮಸಂಸ್ಥೆಗಳಿಗೆ ಅದಕ್ಕೂ ಮೊದಲೇ ಹೊಳೆಯಬೇಕಾಗಿತ್ತು. ಶಾಸ್ತ್ರದಾನವಂತೂ ಈ ಸಮಾಜಕ್ಕೆ ಹೊಸದಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಅತ್ತಿಮಬ್ಬೆಯನ್ನು ನಾಡು ಸಾವಿರ ವರ್ಷಗಳಿಂದ ನೆನೆಯುತ್ತಿದೆ.

ಇಷ್ಟು ಹೇಳಿದೊಡನೆ ಕೇಳಿಬರುವ ಸಮರ್ಥನೆ ಒಂದಿದೆ: ಹಳೆಯದನ್ನು ದಾನ ಮಾಡುತ್ತೇವಲ್ಲ ಎಂಬುದು. ಈ ಸಮರ್ಥನೆಯನ್ನು ಎಚ್ಚರದಿಂದ ಪರೀಕ್ಷಿಸಬೇಕು. ಚಳಿಯಲ್ಲಿ ನಡುಗುವವನಿಗೆ ಕರುಣೆಯಿಂದ ಹೊದಿಕೆ ಕೊಡುವುದು ಪುಣ್ಯದ ಕೆಲಸವೇ. ಆದರೆ ಶಾಸ್ತ್ರವು ಹೇಳಿದ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಬೇಡವಾದ ಬಟ್ಟೆಯ ವಿಲೇವಾರಿಗೆ ಹೆಸರಿಲ್ಲ. ದಾನದಲ್ಲಿ ಕೊಡುವವನಿಗೆ ಏನಾದರೂ ಕಡಿಮೆಯಾಗಬೇಕು. ಹೊಸದಕ್ಕೆ ಜಾಗ ಮಾಡುವ ಸಲುವಾಗಿ ಹಳೆಯದನ್ನು ಕೊಟ್ಟವನಿಗೆ ಕಡಿಮೆಯಾದದ್ದೇನು? ಕೊಟ್ಟ ಮರುದಿನವೇ ಕಪಾಟು ಮೊದಲಿನಷ್ಟೇ ತುಂಬುತ್ತದೆ. ಹಾಗೆ ಕೊಟ್ಟ ಬಟ್ಟೆಯೆಲ್ಲ ಬಡವರ ಮೈ ಮುಚ್ಚುತ್ತದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಬಳಸಿ ಬಿಟ್ಟ ಬಟ್ಟೆಯ ದೊಡ್ಡ ಪಾಲು ಹರಿಯಾಣದ ಪಾಣಿಪತ್ತಿನಂಥ ಊರುಗಳಿಗೆ ಹೋಗಿ, ಅಲ್ಲಿ ಚಿಂದಿಯಾಗಿ ಮರಳಿ ನೂಲಾಗಿ ಕಂಬಳಿಯಾಗುತ್ತದೆ. ಅದಕ್ಕೂ ಬಾರದ್ದು ತಿಪ್ಪೆ ಸೇರುತ್ತದೆ, ಇಲ್ಲವೆ ಸುಡಲ್ಪಡುತ್ತದೆ. ದಾನವು ಪರಿಮಾಣದ ನಂತರ ಬರುವಂಥದು. ಪರಿಮಾಣದ ಬದಲಿಗೆ ಬರುವಂಥದಲ್ಲ.

ಇದರ ಎದುರಿನ ದೋಷವೂ ಒಂದುಂಟು. ಕೊಳ್ಳುವುದನ್ನು ಬಿಟ್ಟರೂ ಇದ್ದುದನ್ನು ಬಳಸದೆ ಟ್ರಂಕಿನಲ್ಲಿ ಡಾಂಬರು ಗುಳಿಗೆ ಹಾಕಿ ಕಾಯುವವರಿದ್ದಾರೆ. ಇದು ಮಿತವ್ಯಯವೆಂದು ತೋರುತ್ತದೆ. ಆದರೆ ಪರಿಗ್ರಹದ ಲಕ್ಷಣವನ್ನು ಉಮಾಸ್ವಾತಿಗಳು ವಸ್ತುವಿನಲ್ಲಿ ಹೇಳದೆ ಮೂರ್ಛೆಯಲ್ಲಿ, ಅಂದರೆ ಮಮತೆಯಲ್ಲಿ ಹೇಳಿದ್ದಾರೆ. ಮೂವತ್ತು ವರ್ಷ ಉಡದೆ, ಯಾರಿಗೂ ಕೊಡದೆ, ಮಡಿಕೆಯಲ್ಲಿಯೇ ಸೀಳಿಹೋದ ರೇಷ್ಮೆ ಸೀರೆ ಮೂರ್ಛೆಗೆ ಒಳ್ಳೆಯ ಸಾಕ್ಷಿ. ಕಡಿಮೆ ಕೊಳ್ಳುವುದು ವ್ರತದ ಒಂದು ಮುಖವಾದರೆ, ಇರುವುದನ್ನು ಸವೆಯುವವರೆಗೆ ತೊಡುವುದು ಅದರ ಇನ್ನೊಂದು ಮುಖ.

ಸವೆಯುವವರೆಗೆ ತೊಡುವ ವಿದ್ಯೆ ಈ ಸೀಮೆಯ ಮನೆಮಾತಾಗಿತ್ತು. 1997ರವರೆಗೆ ಇದೇ ಜಿಲ್ಲೆಯಲ್ಲಿದ್ದು ಈಗ ಬಾಗಲಕೋಟೆಗೆ ಸೇರಿರುವ ಇಳಕಲ್ಲಿನ ಸೀರೆಯನ್ನು ನೋಡಿದರೆ ಇದು ತಿಳಿಯುತ್ತದೆ. ಅದರ ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ನೇಕಾರನು ಕೊಂಡಿ ಹಾಕಿ ಎಳೆಗೆ ಎಳೆ ಕೂಡಿಸುತ್ತಾನೆ. ಹತ್ತಿಯ ಒಡಲಿನ ಅಂಥ ಸೀರೆ ಹೊಲದ ಕೆಲಸಕ್ಕೂ ಬಾಳುತ್ತಿತ್ತು. ಹಬ್ಬದ ಸೀರೆ ಹಳತಾದ ಮೇಲೆ ನಿತ್ಯದ ಸೀರೆ. ಅದು ಹಿಂಜಿದ ಮೇಲೆ ಕೌದಿಯ ಪದರು. ಉಳಿದ ಚೂರು ಕೂಸಿನ ಹಾಸುಬಟ್ಟೆ. ಕೊನೆಗೆ ಒರೆಸುವ ಅರಿವೆ. ಗುಳೇದಗುಡ್ಡದ ಖಣದ ತುಂಡು ಮೊಮ್ಮಗುವಿನ ಕುಂಚಿಗೆಯಾಗುತ್ತಿತ್ತು. ಹಳೆಯ ಸೀರೆ ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ನಡುವಿನವರೆಗೆ ಸಾಲು ಹೊಲಿಗೆ ಹಾಕಿದ ಕೌದಿಯಲ್ಲಿ ಒಂದು ಮನೆಯ ನಾಲ್ಕು ತಲೆಮಾರಿನ ಬಟ್ಟೆ ಒಟ್ಟಿಗೆ ಸೇರುತ್ತಿತ್ತು.

ಹಿಂದಿನದನ್ನೆಲ್ಲ ಬಣ್ಣಿಸಿ ಹೇಳುವುದೂ ಒಂದು ಮೋಹ. ಕೌದಿಯ ಹಿಂದೆ ಬಡತನವಿತ್ತು, ಬೇರೆ ದಾರಿಯಿರಲಿಲ್ಲ. ಅದರ ಒಂದೊಂದು ಹೊಲಿಗೆಯೂ ಹೆಂಗಸರ ಬಿಡುವಿಲ್ಲದ ದಿನದಿಂದ ಕದ್ದ ಹೊತ್ತು. ಅನಿವಾರ್ಯವಾಗಿ ಮಾಡಿದ್ದನ್ನು ವ್ರತವೆನ್ನಲಾಗದು. ಇಂದು ಕೊಳ್ಳುವ ಶಕ್ತಿಯಿದ್ದೂ ಕೊಳ್ಳದಿರುವವರಿಗೆ ಮಾತ್ರ ಅದನ್ನು ವ್ರತವನ್ನಾಗಿ ಮಾಡುವ ಅವಕಾಶವಿದೆ. ಇನ್ನೊಂದು ತೊಡಕೂ ಇದೆ. ಈಗಿನ ಅಗ್ಗದ ಸೀರೆಗಳು ಬಹುಪಾಲು ಪಾಲಿಯೆಸ್ಟರಿನವು. ಅವು ಬೆವರು ಹೀರುವುದಿಲ್ಲ, ಕೌದಿಯ ಪದರಿನಲ್ಲಿ ಜಾರುತ್ತವೆ, ಮಣ್ಣಿನಲ್ಲಿ ಕೊಳೆಯುವುದಿಲ್ಲ. ಆದ್ದರಿಂದ ಬಟ್ಟೆಯ ಕೊನೆಯನ್ನು ಕೊಳ್ಳುವ ದಿನವೇ ಯೋಚಿಸಬೇಕಾಗುತ್ತದೆ. ಕೌದಿಯಾಗಲಾರದ ಬಟ್ಟೆಯನ್ನು ಮನೆಗೆ ತರುವ ಮೊದಲು ಎರಡು ಸಲ ಆಲೋಚಿಸುವುದು ಒಳ್ಳೆಯ ನಿಯಮ.

ಹತ್ತಿಯಾದರೆ ದೋಷವೇ ಇಲ್ಲವೆಂದೂ ಅಲ್ಲ. ಒಂದು ಹತ್ತಿಯ ಅಂಗಿ ಸಿದ್ಧವಾಗುವಷ್ಟರಲ್ಲಿ ಸುಮಾರು 2,700 ಲೀಟರ್ ನೀರು ವೆಚ್ಚವಾಗುತ್ತದೆಂಬ ಅಂದಾಜನ್ನು ಜಗತ್ತಿನಾದ್ಯಂತ ಉಲ್ಲೇಖಿಸುತ್ತಾರೆ. ಒಬ್ಬ ಮನುಷ್ಯ ಎರಡೂವರೆ ವರ್ಷ ಕುಡಿಯುವಷ್ಟು ನೀರು ಅದು. ಮಳೆಯಾಶ್ರಯದ ಎರೆಹೊಲದ ಹತ್ತಿಯ ಲೆಕ್ಕ ಬೇರೆಯಾಗಬಹುದು. ನೀರು ಹಾಯಿಸಿ ಬೆಳೆದು, ಕಾರ್ಖಾನೆಯಲ್ಲಿ ಬಣ್ಣ ಹಾಕಿದ ಬಟ್ಟೆಯ ಲೆಕ್ಕ ಇದಕ್ಕಿಂತ ಹೆಚ್ಚೂ ಆಗಬಹುದು. ನೀರಿನ ಬೆಲೆಯನ್ನು ಬಬಲೇಶ್ವರ ತಿಕೋಟಾಗಳ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಡೋಣಿಯ ದಡದಲ್ಲಿದ್ದೂ ಅದರ ಸವುಳು ನೀರನ್ನು ಕುಡಿಯಲಾರದೆ, ಬರದ ವರ್ಷ ಟ್ಯಾಂಕರಿಗೆ ಕೊಡ ಹಿಡಿದು ನಿಂತ ಸೀಮೆ ಇದು. ದ್ರಾಕ್ಷಿಯ ಬಳ್ಳಿ ಉಳಿಸಿಕೊಳ್ಳಲು ರೈತರು ಟ್ಯಾಂಕರ್ ನೀರನ್ನು ಹಣಕೊಟ್ಟು ತಂದದ್ದೂ ಇದೆ. ತುಬಚಿ ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದ ಈಗ ಕೃಷ್ಣೆಯ ನೀರು ಕೆರೆಗಳಿಗೆ ಹರಿದಿದೆ. ಹೀಗೆ ಕಷ್ಟದಿಂದ ಬಂದ ನೀರನ್ನು ಅಳೆದು ಬಳಸುವ ಕುಟುಂಬವು, ಬಟ್ಟೆಯ ರೂಪದಲ್ಲಿ ಸಾವಿರಾರು ಲೀಟರನ್ನು ಕಪಾಟಿನಲ್ಲಿ ಬಳಸದೆ ಇಟ್ಟಿರುವುದು ವಿಪರ್ಯಾಸ. ನೀರಿನ ಒಂದು ಹನಿಯಲ್ಲಿಯೂ ಜೀವವನ್ನು ಕಾಣುವ ಧರ್ಮಕ್ಕೆ ಇದು ಲೆಕ್ಕದ ಮಾತಷ್ಟೇ ಅಲ್ಲ, ಅಹಿಂಸೆಯ ಮಾತೂ ಹೌದು.

ರೇಷ್ಮೆಯ ಪ್ರಶ್ನೆ ಇನ್ನೂ ನೇರವಾದುದು. ಗೂಡಿನೊಳಗಿನ ಜೀವವನ್ನು ಬಿಸಿಯಲ್ಲಿ ಕೊಂದು ಎಳೆ ತೆಗೆಯುವುದು ರೂಢಿಯ ವಿಧಾನ. ಒಂದು ರೇಷ್ಮೆ ಸೀರೆಗೆ ಸಾವಿರಾರು ಗೂಡುಗಳು ಬೇಕು. ಇದನ್ನು ತಿಳಿದೂ ಪೂಜೆಯ ಮಡಿಗೆ ರೇಷ್ಮೆಯೇ ಶ್ರೇಷ್ಠವೆನ್ನುವ ಮನೆಗಳು ಉಂಟು. ಹಾಗೆಂದು ಇರುವ ರೇಷ್ಮೆಯನ್ನು ಇಂದೇ ಹೊರಗೆ ಹಾಕುವುದರಿಂದ ಯಾವ ಜೀವವೂ ಮರಳಿ ಬಾರದು. ಹಾಗೆ ಹಾಕಿದವರು ಅದರ ಬದಲಿಗೆ ಇನ್ನೊಂದನ್ನು ಕೊಂಡರೆ ಹಿಂಸೆ ಇಮ್ಮಡಿಸಿತಷ್ಟೆ. ಅಜ್ಜಿಯ ಧಾರೆಯ ಸೀರೆಯನ್ನು ಮೊಮ್ಮಗಳು ತನ್ನ ಧಾರೆಗೆ ಉಟ್ಟರೆ ಅಲ್ಲಿ ಹೊಸ ಹಿಂಸೆಯಿಲ್ಲ, ಹೊಸ ಸಾಲವಿಲ್ಲ, ಮನೆತನದ ನೆನಪೂ ಉಳಿಯುತ್ತದೆ. ಹೊಸದಾಗಿ ಕೊಳ್ಳುವುದಿಲ್ಲವೆಂಬ ನಿರ್ಧಾರವೊಂದೇ ಇಲ್ಲಿ ಸಾಕು.

ಇನ್ನು ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪಣೆ. ಎಲ್ಲರೂ ಕಡಿಮೆ ಕೊಂಡರೆ ಇಳಕಲ್ಲಿನ, ಗುಳೇದಗುಡ್ಡದ ನೇಕಾರನ ಗತಿಯೇನು? ಜವಳಿ ವ್ಯಾಪಾರವನ್ನೇ ನಂಬಿದ ಜೈನ ಮನೆಗಳ ಗತಿಯೇನು? ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆ ಅಂಗಡಿಗಳ ದುಡಿಮೆಯಿಂದಲೇ ಎಷ್ಟೋ ಬಸದಿಗಳ ಜೀರ್ಣೋದ್ಧಾರವಾಗಿದೆ. ಆದರೆ ಕೈಮಗ್ಗದ ನೇಕಾರನನ್ನು ಇಂದು ಕೆಡಿಸುತ್ತಿರುವುದು ಕಡಿಮೆ ಕೊಳ್ಳುವವರಲ್ಲ. ಅವನ ವಿನ್ಯಾಸವನ್ನು ಕದ್ದು, ವಿದ್ಯುತ್ ಮಗ್ಗದಲ್ಲಿ ಕೃತಕ ನೂಲಿನಿಂದ ನೇಯ್ದು, ಕಾಲುಭಾಗದ ಬೆಲೆಗೆ ಮಾರಾಟವಾಗುವ ನಕಲಿಯೇ ಅವನ ಶತ್ರು. ವರ್ಷಕ್ಕೆ ಹತ್ತು ನಕಲಿ ಕೊಳ್ಳುವ ಮನೆ ಎರಡು ವರ್ಷಕ್ಕೆ ಒಂದು ನಿಜವಾದ ಕೈಮಗ್ಗದ ಸೀರೆ ಕೊಂಡರೆ ಖರ್ಚೂ ಇಳಿಯಿತು, ಕಪಾಟೂ ಹಗುರಾಯಿತು, ನೇಕಾರನಿಗೂ ಕೂಲಿ ಹುಟ್ಟಿತು.

ವ್ಯಾಪಾರಿಗೂ ಶಾಸ್ತ್ರವು ದಾರಿ ತೋರಿಸಿದೆ. ಅಚೌರ್ಯ ವ್ರತದ ಅತಿಚಾರಗಳಲ್ಲಿ ಒಂದು ಪ್ರತಿರೂಪಕ ವ್ಯವಹಾರ, ಅಂದರೆ ಅಸಲಿಯೆಂದು ನಕಲಿಯನ್ನು ಮಾರುವುದು. ಕೃತಕ ರೇಷ್ಮೆಯನ್ನು ರೇಷ್ಮೆಯೆಂದು, ವಿದ್ಯುತ್ ಮಗ್ಗದ್ದನ್ನು ಕೈಮಗ್ಗದ್ದೆಂದು ಹೇಳದಿರುವುದೇ ಜವಳಿ ಅಂಗಡಿಯ ಮೊದಲ ವ್ರತವಾಗಬೇಕು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿ 2024ರ ಫೆಬ್ರವರಿಯಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರ ಮಹಾರಾಜರ ಪ್ರೇರಣೆಯಿಂದ ಮಧ್ಯಪ್ರದೇಶದಲ್ಲಿ ಕೈಮಗ್ಗ ಕೇಂದ್ರಗಳು ನಡೆದವು. ಸಾಗರ್ ಕಾರಾಗೃಹದ ಕೈದಿಗಳ ಕೈಗೂ ಮಗ್ಗ ಬಂದಿತು. ನೂಲಿನ ಎಳೆಯನ್ನೂ ಇಟ್ಟುಕೊಳ್ಳದ ದಿಗಂಬರ ಮುನಿಯೊಬ್ಬರು ಇತರರ ಬಟ್ಟೆಯ ಬಗ್ಗೆ ಅಷ್ಟು ಕಾಳಜಿ ವಹಿಸಿದ್ದು ಯೋಚಿಸಬೇಕಾದ ವಿಷಯ. ಕಡಿಮೆ ಬಟ್ಟೆ ಎಂಬುದು ಬಟ್ಟೆಯ ತಿರಸ್ಕಾರವಲ್ಲ. ಅದನ್ನು ನೇಯ್ದ ಕೈಗೆ ಸಲ್ಲುವ ಗೌರವ.

ಈ ಮಾತುಗಳು ಯಾರಿಗೆ ಅನ್ವಯಿಸುವುದಿಲ್ಲ ಎಂಬುದನ್ನೂ ಹೇಳಬೇಕು. ದ್ರಾಕ್ಷಿ ತೋಟಕ್ಕೆ ಕೂಲಿಗೆ ಬರುವ, ಉಟ್ಟದ್ದು ಒಂದು, ಒಣಹಾಕಿದ್ದು ಒಂದು ಎಂಬ ಸ್ಥಿತಿಯ ತಾಯಿಗೆ ಅಪರಿಗ್ರಹ ಬೋಧಿಸುವುದು ಕ್ರೌರ್ಯ. ಅವಳ ಮಗುವಿಗೆ ಹಬ್ಬಕ್ಕೊಂದು ಹೊಸ ಅಂಗಿ ಬಂದರೆ ಅದು ಸಂತೋಷದ ಸಂಗತಿ. ಪರಿಮಾಣದ ವ್ರತ ಇರುವುದು ಮಿಗಿಲಾಗಿ ಉಳ್ಳವರಿಗೆ.

ಅಂಥವರು ಮಾಡಬಹುದಾದುದೇನು? ಸಮಂತಭದ್ರರು ಭೋಗೋಪಭೋಗಗಳ ತ್ಯಾಗವನ್ನು ಯಮ, ನಿಯಮ ಎಂದು ಎರಡು ಬಗೆಯಾಗಿ ಹೇಳಿದ್ದಾರೆ. ಆಜೀವ ಪರ್ಯಂತದ್ದು ಯಮ, ಕಾಲಮಿತಿಯುಳ್ಳದ್ದು ನಿಯಮ. ನಿಯಮಕ್ಕೆ ಅವರು ಹೇಳಿದ ಅವಧಿಗಳಲ್ಲಿ ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಎರಡು ತಿಂಗಳ ಒಂದು ಋತು, ಆರು ತಿಂಗಳ ಒಂದು ಅಯನ ಇವೆ. ನಿಯಮಕ್ಕೆ ಒಳಪಡುವ ವಸ್ತುಗಳ ಪಟ್ಟಿಯಲ್ಲಿ ವಸ್ತ್ರವೂ ಇದೆ. ಒಂದು ಅಯನದ ತನಕ ಹೊಸ ಬಟ್ಟೆ ಕೊಳ್ಳುವುದಿಲ್ಲವೆಂಬ ನಿಯಮಕ್ಕೆ ಇದಕ್ಕಿಂತ ಹಳೆಯ ಆಧಾರ ಬೇಕಿಲ್ಲ. ದಶಲಕ್ಷಣ ಪರ್ವದ ಒಂಬತ್ತನೆಯ ದಿನ, ಉತ್ತಮ ಆಕಿಂಚನ್ಯದ ದಿನ, ಮನೆಯವರೆಲ್ಲ ಕೂಡಿ ಕಪಾಟು ಟ್ರಂಕುಗಳನ್ನು ತೆರೆದು ಎಣಿಸಬಹುದು. ಎಣಿಕೆಯೇ ಅರ್ಧ ವ್ರತ. ತನ್ನ ಬಳಿ ಎಷ್ಟಿದೆಯೆಂದು ತಿಳಿಯದವನು ಯಾವುದಕ್ಕೆ ಗೆರೆ ಎಳೆದಾನು? ಗುಂಡಿ ಕಿತ್ತದ್ದಕ್ಕೆ ಗುಂಡಿ, ಅಂಚು ಬಿಟ್ಟದ್ದಕ್ಕೆ ಫಾಲು, ಬಿಗಿಯಾದ ಕುಪ್ಪಸಕ್ಕೆ ಒಳಗಿನ ಹೊಲಿಗೆ ಬಿಚ್ಚಿಸಿಕೊಳ್ಳುವುದು, ಇವು ಓಣಿಯ ದರ್ಜಿಗೆ ಅನ್ನ ಕೊಡುವ ಕೆಲಸಗಳು. ಅಕ್ಕ ತಂಗಿಯರು, ಅತ್ತೆ ಸೊಸೆಯರು ಸಮಾರಂಭದ ಸೀರೆಗಳನ್ನು ಬದಲಿಸಿಕೊಂಡು ಉಡುವುದರಲ್ಲಿ ನಾಚಿಕೆಯಿಲ್ಲ. ಮೆತ್ತಗಾದ ಹತ್ತಿಬಟ್ಟೆಗಳನ್ನು ಕೌದಿ ಹೊಲಿಯುವ ಹೆಂಗಸರಿಗೆ ಸರಿಯಾದ ಕೂಲಿ ಕೊಟ್ಟು ಹೊಲಿಸಿದರೆ ಎರಡು ಮನೆಗಳಿಗೆ ಉಪಕಾರ.

ಬಸದಿಗಳ ಟ್ರಸ್ಟುಗಳು ಮೂರು ನಿರ್ಣಯ ಮಾಡಿದರೆ ಸಾಕು. ಉತ್ಸವಕ್ಕೆ ಏಕಬಣ್ಣದ ಹೊಸ ಸೀರೆ ಬೇಡ, ಶುಚಿಯಾದ ಯಾವುದೇ ಸೀರೆ ಸಲ್ಲುತ್ತದೆ ಎಂದು ಆಮಂತ್ರಣದಲ್ಲಿಯೇ ಅಚ್ಚು ಹಾಕಿಸುವುದು. ಸನ್ಮಾನಕ್ಕೆ ಶಾಲಿನ ಬದಲು ಗ್ರಂಥ ಕೊಡುವುದು. ಅಭಿಷೇಕ ಪೂಜೆಗೆ ಬೇಕಾದ ಧೋತರ ಉತ್ತರೀಯಗಳನ್ನು ಬಸದಿಯಲ್ಲಿಯೇ ಒಗೆದು ಮಡಿಯಾಗಿಟ್ಟು, ಬಂದವರಿಗೆ ಕೊಟ್ಟು ಮರಳಿ ಪಡೆಯುವುದು. ಮುಖ್ಯವಾದ ಇನ್ನೊಂದಿದೆ; ಅದಕ್ಕೆ ನಿರ್ಣಯ ಬೇಕಿಲ್ಲ. ಸಮಾಜದ ಹಿರಿಯ ಮನೆಗಳ ಹೆಣ್ಣುಮಕ್ಕಳು ಹಳೆಯ ಸೀರೆಯುಟ್ಟು ಮೊದಲ ಸಾಲಿನಲ್ಲಿ ಕುಳಿತರೆ, ಹಿಂದಿನ ಸಾಲುಗಳ ಎಷ್ಟೋ ಸಾಲಗಳು ತಪ್ಪುತ್ತವೆ. ಉಳ್ಳವರು ಬಿಟ್ಟಾಗ ಮಾತ್ರ ಇಲ್ಲದವರಿಗೆ ಬಿಡಲು ಧೈರ್ಯ ಬರುತ್ತದೆ.

ಜೇಬಿಲ್ಲದ ಅಂಗಿ ಎಲ್ಲರಿಂದಲೂ ಸಾಧ್ಯವಾಗುವಂಥದಲ್ಲ. ಸಂಸಾರಿಗೆ ಜೇಬು ಬೇಕು. ಅದರಲ್ಲಿ ಮಕ್ಕಳ ಶಾಲೆಯ ಫೀಜು ಇರಬೇಕು, ಔಷಧದ ಚೀಟಿ ಇರಬೇಕು. ಆದರೆ ಇರುವ ಅಂಗಿಯ ಹರಿದ ಜೇಬನ್ನು ಹೊಲಿಸಿ ಇನ್ನೊಂದು ವರ್ಷ ತೊಡುವುದು ಯಾರಿಂದಲೂ ಸಾಧ್ಯ. ವಿಜಯಪುರದ ಸಂತರ ಅಂಗಿಗೂ, ಪಾರ್ಶ್ವನಾಥ ಸ್ವಾಮಿಯ ನಿರಾಭರಣ ಮೂರ್ತಿಗೂ ಗೃಹಸ್ಥನು ಸಲ್ಲಿಸಬಹುದಾದ ನಿಜವಾದ ವಂದನೆ ಅಷ್ಟರಲ್ಲಿಯೇ ಇದೆ.